ಮಂಜುಗಡ್ಡೆಯ ಮೇಲೆ ಬಿದ್ದ ಹುಂಜ

ಈ ವರ್ಷ ಜನವರಿಯ ಕೊನೆಯ ಶನಿವಾರ, ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ ಊರಾಚೆಯ ಒಂದು ಕೆರೆಯ ಮಂಜುಗಡ್ಡೆಯ ಮೇಲೆ ಚರೆಗುಂಡು ತಿಂದ ಫೆಸೆಂಟ್ ಎಂಬ ಕಾಡುಕೋಳಿ ಜಾತಿಯ ಹುಂಜವೊಂದು ಬಿತ್ತು. ಹೊಡೆದವನು ನನ್ನ ಸ್ನೇಹಿತ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಅವನು ಬಳ್ಳಾರಿಯವನು, ಇಲ್ಲಿನ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ಮನೆಯಲ್ಲಿ ದಖನಿ, ನನ್ನೊಂದಿಗೆ ಕನ್ನಡ. ನವೆಂಬರಿನಿಂದ ಕಾರ್ಖಾನೆಯ ಪಾಳಿಯಲ್ಲಿ ಬಿಡುವು ಸಿಕ್ಕ ಶನಿವಾರಗಳನ್ನೆಲ್ಲ ಒಂದು ಜಮೀನಿನ ಬೇಟೆಗೆ ಸೋವಿನವನಾಗಿ ಹೋಗಿ ಕಳೆದಿದ್ದ. ಸೋವಿನವರು ಕೋಲು ಹಿಡಿದು ಪೊದೆ ಬಡಿಯುತ್ತ ಹಕ್ಕಿ ಎಬ್ಬಿಸಬೇಕು, ಹೊಡೆಯುವವರು ಬೇರೆ. ಸಂಜೆ ಮನೆಗೆ ಒಂದು ಜೋಡಿ ಹಕ್ಕಿ ಕೊಟ್ಟು ಕಳಿಸುತ್ತಾರೆ. ಯಾರೋ ಹೊಡೆದದ್ದನ್ನು ಅವನು ತಿನ್ನುವುದಿಲ್ಲ. ಆ ಜೋಡಿ ನಮ್ಮ ಮನೆಗೆ ಬರುತ್ತಿತ್ತು. ಫೆಬ್ರವರಿ ಹತ್ತಿರವಾಗುವ ಹೊತ್ತಿಗೆ ಪುಕ್ಕ ಕಿತ್ತು ಕಿತ್ತು ನಮಗೂ ಸಾಕಾಗಿತ್ತು.

ಬೇಟೆಯ ಕಾಲ ಮುಗಿಯುವ ಮುನ್ನ ಒಂದು ದಿನ ಮಾತ್ರ ಸೋವಿನವರ ಕೈಗೆ ಬಂದೂಕು ಸಿಗುತ್ತದೆ. ಪರವಾನಗಿ ಮಾಡಿಸಿಕೊಂಡು ಅವನು ಕಾದದ್ದು ಆ ದಿನಕ್ಕೆ. ಬಿಸ್ಮಿಲ್ಲಾ ಹೇಳಿ ತಾನೇ ಹೊಡೆದ ಒಂದು ಹಕ್ಕಿಯನ್ನು ಮನೆಯಲ್ಲಿ ಬೇಯಿಸಿ ತಿನ್ನಬೇಕು, ಅಷ್ಟೇ.

"ನೋಡಿ ಅಣ್ಣಾ," ಎಂದು ಅವನ ಹೆಂಡತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದರು. "ಮ್ಯಾಂಚೆಸ್ಟರ್‌ನಲ್ಲಿ ಕ್ಲೀನ್ ಮಾಡಿದ ಹಲಾಲ್ ಕೋಳಿ ಸಿಗುತ್ತೆ. ಇವರಿಗೆ ಕೆಸರಲ್ಲಿ ಬಿದ್ದು ಎದ್ದು ಬಂದಿದ್ದೇ ರುಚಿ."

ಅವನು ನೈಟ್ ಶಿಫ್ಟ್ ಮುಗಿಸಿ ಮನೆಗೆ ಬಂದು, ಮಲಗದೆಯೇ ಹೊರಟಿದ್ದ. ಮಧ್ಯಾಹ್ನದವರೆಗೂ ಮಂಜು ಮುಸುಕಿತ್ತು. ಉಳಿದಿದ್ದ ಹಕ್ಕಿಗಳು ಕಡಿಮೆ. ಅವೂ ಬಂದೂಕು ಕಂಡು ಪಳಗಿದವು. ಎದ್ದವೆಲ್ಲ ಎಟುಕದ ಎತ್ತರದಲ್ಲಿ ಹೋದವು. ಕೊನೆಯ ಸೋವಿನಲ್ಲಿ ಒಂದು ಹುಂಜ ನಮ್ಮ ತಲೆಯ ಮೇಲೆ ಬಂತು. ಅವನು ಬಿಸ್ಮಿಲ್ಲಾ ಎಂದದ್ದು ನನಗೆ ಕೇಳಿಸಿತು. ಹಕ್ಕಿ ಕೆರೆಯ ಮೇಲೆ ಬಿತ್ತು.

ಬೇಟೆಯ ಮೇಲ್ವಿಚಾರಕ, ಬಿದ್ದ ಹಕ್ಕಿ ಹೆಕ್ಕಿ ತರುವ ತನ್ನ ನಾಯಿಯ ಕೊರಳಪಟ್ಟಿ ಬಿಗಿಯಾಗಿ ಹಿಡಿದುಕೊಂಡ. "ನಾಯಿ ಬಿಡೋದಿಲ್ಲ. ಈ ಐಸ್ ತಡೆಯೋದಿಲ್ಲ."

ದಡದಲ್ಲಿ ಒಬ್ಬ ಮುದುಕ ಮಂಜುಗಡ್ಡೆ ಒಡೆದು ಕಿಂಡಿ ಮಾಡಿಕೊಂಡು ಪೈಕ್ ಮೀನಿಗೆ ಗಾಳ ಹಾಕಿ ಕೂತಿದ್ದ. ಏನೂ ಕೇಳದೆ ಗಾಳ ಎಳೆದುಕೊಂಡು ಮಂಜುಗಡ್ಡೆಯ ಮೇಲೆ ಬೀಸಿದ. ಮೊದಲು ತಪ್ಪಿತು. ಆಮೇಲೆ ಕೊಕ್ಕೆ ರೆಕ್ಕೆಗೆ ಸಿಕ್ಕಿತು. ಹಕ್ಕಿ ಜಾರುತ್ತ ಬಂತು. ಕಿಂಡಿಯ ಅಂಚು ಕುಸಿದು ಅದು ನೀರಿಗೆ ಮುಳುಗಿತು. ಮುದುಕ ಎಳೆದು, ನೀರು ಸೋರುವ ಹಕ್ಕಿಯನ್ನು ಎತ್ತಿ ಹಿಡಿದ.

"ಈ ಚಳಿಗಾಲದಲ್ಲಿ ನನಗೆ ಸಿಕ್ಕಿದ್ದು ಇದೊಂದೇ," ಎಂದ.

ಸ್ನೇಹಿತ ಕೈ ಚಾಚಲಿಲ್ಲ. ಬೇಟೆಯ ಹಕ್ಕಿ ನೀರಿನಲ್ಲಿ ಸತ್ತು ಸಿಕ್ಕಿ, ಕೊಂದದ್ದು ಗುಂಡೋ ನೀರೋ ತಿಳಿಯದಿದ್ದರೆ ಮುಸ್ಲಿಮರು ತಿನ್ನುವಂತಿಲ್ಲ.

"ಅಣ್ಣಾ, ಮುಳುಗೋಕೆ ಮುಂಚೆ ಸತ್ತಿತ್ತಾ? ನಾನು ಗನ್ ಖಾಲಿ ಮಾಡ್ತಿದ್ದೆ, ನೋಡಲಿಲ್ಲ. ನೀವು ಪೇಪರ್‌ನಲ್ಲಿ ರಿಪೋರ್ಟರ್ ಆಗಿದ್ದೋರು, ನೋಡಿರ್ತೀರ."

ನೋಡಿದ್ದನ್ನು ಹೇಳಿದೆ. ಬಿದ್ದ ಮೇಲೆ ಹಕ್ಕಿ ರೆಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಎಳೆಯುವಾಗ ಮತ್ತೆ ಅಲುಗಿತು. ತಾನಾಗಿಯೋ ದಾರದ ಎಳೆತಕ್ಕೋ ಹೇಳಲಾರೆ.

"ಸತ್ತಿತ್ತು ಅಂದಿದ್ರೆ ಆಗ್ತಿತ್ತಲ್ಲ."

"ನೀನು ಕೇಳಿದೆ ಮಾರಾಯ."

ಕಾರಿನವರೆಗೆ ಅವನು ಮುಂದೆ ಮುಂದೆ ನಡೆದ. ಸೀಟಿನಲ್ಲಿ ಕೂತು ಬೂಟು ಬಿಚ್ಚುತ್ತ, "ಮನೇಲಿ ಏನಂತಾಳೆ ಗೊತ್ತಾ? ಮ್ಯಾಂಚೆಸ್ಟರ್ ಅಂತಾಳೆ," ಎಂದ. ಮನೆ ತಲುಪುವವರೆಗೂ ನಿದ್ದೆ ಮಾಡಿದ.

ಲೀಡ್ಸ್‌ನಲ್ಲಿರುವ ಅವನ ಪರಿಚಯದ ಮೌಲಾನಾ ಫೋನಿನಲ್ಲಿ ಎಲ್ಲ ಕೇಳಿ, ಸಂಶಯವಿದ್ದರೆ ಬಿಟ್ಟುಬಿಡಿ ಎಂದರಂತೆ. ಫೆಬ್ರವರಿ ಒಂದಕ್ಕೆ ಫೆಸೆಂಟ್ ಬೇಟೆ ಮುಗಿಯಿತು, ಇನ್ನು ಅಕ್ಟೋಬರ್‌ಗೆ. ಹುಂಜ ನಮ್ಮ ಮನೆಯ ಫ್ರೀಜರ್‌ನಲ್ಲಿದೆ. ಮುಂದಿನ ಚಳಿಗಾಲದ ಸೋವಿಗೆ ಅವನು ಹೆಸರು ಕೊಟ್ಟಿದ್ದಾನೆ.