ಮೊದಲು ವಿಳಾಸ, ಆಮೇಲೆ ಅಳು

ಹೋಟೆಲಿನ ನೆಲಮಾಳಿಗೆಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ನಮ್ಮ ಗುಂಪಿಗೆಲ್ಲ ಅವಳು ಇಸ್ತ್ರಿ ಅಕ್ಕ. ನನಗಿಂತ ಎರಡು ವರ್ಷ ಚಿಕ್ಕವಳು, ಆದರೂ ನನಗೂ ಅಕ್ಕನೇ. ಬಿಸಿ ರೋಲರಿನ ಈ ಕಡೆ ಅವಳು ಬಟ್ಟೆಯ ಅಂಚು ಕೊಟ್ಟರೆ ಆ ಕಡೆ ನಾನು ಹಿಡಿದು ಮಡಿಸಬೇಕು. ಎಂಟು ಗಂಟೆ ನಿಂತರೂ ಅವಳ ಬಾಯಿಗೆ ಬಿಡುವಿಲ್ಲ. ಮೇಲ್ವಿಚಾರಕ ಬಂದು ಇಂಗ್ಲಿಷಿನಲ್ಲಿ ಏನಾದರೂ ಕೇಳಿದಾಗ ಮಾತ್ರ ಬಾಯಿಗೆ ಬೀಗ. "ಇಂಗ್ಲಿಷೆಲ್ಲ ನಮ್ಮನೆಯವರ ಖಾತೆ ಕಣೇ. ನಂದು ಬರೀ ಜಗಳದ ಖಾತೆ" ಅನ್ನುತ್ತಿದ್ದಳು.

ಹೊಸದಾಗಿ ಈ ದೇಶಕ್ಕೆ ಬಂದ ನಮ್ಮೆಲ್ಲರ ಮನೆಯಲ್ಲೂ ಅದೇ ಏರ್ಪಾಡು. ಬಾಗಿಲಿಗೆ ಬಂದ ಕಾಗದ, ಶಾಲೆಯವರ ಫೋನು, ಡಾಕ್ಟರ ಹತ್ತಿರ ಹೋಗುವುದು, ಎಲ್ಲವೂ ಗಂಡ ಬರುವವರೆಗೆ ಕಾಯಬೇಕು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತ ಗಾದೆಯೇನೋ ಇದೆ. ನಾವು ಮೂರು ವರ್ಷವಾದರೂ ಆ ನೀರಿನ ದಾರಿ ಹಿಡಿಯದ ಮಹಾ ಜಾಣೆಯರು. ನಾನು ಆರು ವಾರ ಇಂಗ್ಲಿಷ್ ಕ್ಲಾಸಿಗೆ ಹೋದೆ. ಹವೆ ಚೆನ್ನಾಗಿದೆ ಅನ್ನುವುದನ್ನು ನಾಲ್ಕು ಬಗೆಯಲ್ಲಿ ಹೇಳುವುದು ಕಲಿಸಿದರು.

ಅಕ್ಕನ ಮಗಳಿಗೆ ನಾಲ್ಕು ವರ್ಷ, ಉಬ್ಬಸದ ಮಗು. ನಮ್ಮಿಬ್ಬರಿಗೂ ರಜೆಯಿದ್ದ ಒಂದು ಮಧ್ಯಾಹ್ನ ಉಬ್ಬಸ ಏರಿತು. ಇನ್ಹೇಲರ್ ಎಷ್ಟು ಸಲ ಒತ್ತಿದರೂ ಉಪಯೋಗವಾಗಲಿಲ್ಲ. ಅಕ್ಕ ಗಂಡನಿಗೆ ಫೋನು ಮಾಡಿದಳು. ಅವರ ಕಾರ್ಖಾನೆಯಲ್ಲಿ ಫೋನನ್ನು ಗೇಟಿನ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಹನ್ನೊಂದು ಸಲ ಮಾಡಿದಳು. ಆಮೇಲೆ ಮಗುವನ್ನೆತ್ತಿಕೊಂಡು ಮೂರು ಮಹಡಿ ಇಳಿದು ಬಂದು ನನ್ನ ಬಾಗಿಲು ಬಡಿದಳು.

"ನೀನು ಕ್ಲಾಸಿಗೆ ಹೋಗಿದ್ದೀಯಲ್ಲ, ಆಂಬುಲೆನ್ಸಿಗೆ ಮಾತಾಡೇ!"

ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ನಂಬರು ಗೊತ್ತಿತ್ತು, ಒತ್ತಿದೆ. ಆ ಕಡೆಯ ಹೆಂಗಸು ಏನೋ ಕೇಳಿದಳು. ನನಗೆ ಒಂದು ಪದವೂ ತಿಳಿಯಲಿಲ್ಲ. ನಾಚಿಕೆಯೋ ಹೆದರಿಕೆಯೋ, ಫೋನು ಇಟ್ಟುಬಿಟ್ಟೆ. ಅವರೇ ತಿರುಗಿ ಮಾಡಿದರು. ಅದು ಹೊಡೆದುಕೊಳ್ಳುತ್ತಲೇ ಇತ್ತು, ನಾನು ಎತ್ತಲಿಲ್ಲ.

"ಇರು ಅಕ್ಕಾ, ಇನ್ನೇನು ಶಿಫ್ಟ್ ಬಿಡುತ್ತೆ. ಭಾವ ಬಂದು ಮಾತಾಡ್ತಾರೆ" ಅಂದೆ.

ಭಾವ ಬರುವಾಗ ಅರ್ಧ ಗಂಟೆಯಾಗಿತ್ತು. ಅವರು ಫೋನು ಮಾಡಿದ ಏಳೇ ನಿಮಿಷಕ್ಕೆ ಗಾಡಿ ಬಂತು. ಅಷ್ಟರಲ್ಲಿ ಮಗು ನನ್ನ ಚಾಪೆಯ ಮೇಲೆಯೇ ಹೋಗಿಬಿಟ್ಟಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಉರಿದ ಒಲೆ ಬೇರೆಯವರಿಗಾದರೂ ಆಗಲಿ ಅಂದಳು ಅಕ್ಕ. ಆಸ್ಪತ್ರೆಯ ನರ್ಸ್ ಒಬ್ಬಳನ್ನು ಹಿಡಿದು ಹದಿನೆಂಟು ಮಾತು ಕಲಿತಳು. ನಾಟ್ ಬ್ರೀದಿಂಗ್. ಬ್ಲೀಡಿಂಗ್. ಫಿಟ್ಸ್. ಕಮ್ ಫಾಸ್ಟ್. ಪ್ರತಿ ಭಾನುವಾರ ಹೋಟೆಲಿನ ಕೆಲಸದವರ ಊಟದ ಕೋಣೆಯಲ್ಲಿ ಹೊಸದಾಗಿ ಬಂದ ತಾಯಂದಿರನ್ನು ಕೂರಿಸಿ ಕಲಿಸುತ್ತಾಳೆ. ಬಾಯಿಪಾಠ ಸಾಲದು, ಒಬ್ಬೊಬ್ಬರೂ ಪಕ್ಕದ ಕೋಣೆಗೆ ಹೋಗಿ ಅವಳಿಗೆ ಫೋನು ಮಾಡಬೇಕು. ಆಂಬುಲೆನ್ಸಿನ ಹೆಂಗಸು ಅವಳೇ.

"ಮೊದಲು ವಿಳಾಸ, ಆಮೇಲೆ ಅಳು. ಗಾಡಿ ಏನು ನಿನ್ನ ಕಣ್ಣೀರು ಹುಡುಕ್ಕೊಂಡು ಬರುತ್ತಾ?" ಎಂದು ಗದರುತ್ತಾಳೆ. ಹೆಂಗಸರು ನಗುತ್ತಾರೆ.

ಎರಡು ವರ್ಷ ನಾನೂ ಹೋಗಿ ಕುರ್ಚಿ ಜೋಡಿಸಿದೆ. ಒಂದು ದಿನವೂ ಅಕ್ಕ ನನ್ನನ್ನು ಪಕ್ಕದ ಕೋಣೆಗೆ ಕಳಿಸಲಿಲ್ಲ. ರೋಲರಿನ ಹತ್ತಿರ ಮಾತಾಡುತ್ತಾಳೆ, ನಗಿಸುತ್ತಾಳೆ, ಆದರೆ ಆ ಮಧ್ಯಾಹ್ನದ ಮಾತೆತ್ತುವುದಿಲ್ಲ. ಹಿಡಿಶಾಪ ಹಾಕಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಎಂದು ತಿಳಿಯದೆ ಎದುರು ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ.

ಹೋದ ಭಾನುವಾರ ಎಲ್ಲರೂ ಹೊರಟ ಮೇಲೆ ನಾನೇ ಪಕ್ಕದ ಕೋಣೆಗೆ ಹೋಗಿ ಅವಳಿಗೆ ಫೋನು ಮಾಡಿದೆ.

"ಎಮರ್ಜೆನ್ಸಿ" ಅಂದಳು, ಅದೇ ಗದರುವ ದನಿಯಲ್ಲಿ.

ನನ್ನ ಮನೆಯ ವಿಳಾಸ ಹೇಳಿದೆ. "ಚೈಲ್ಡ್. ಗರ್ಲ್. ಫೋರ್ ಇಯರ್ಸ್. ನಾಟ್ ಬ್ರೀದಿಂಗ್. ಕಮ್ ಫಾಸ್ಟ್."

ಒಂದೂ ತಪ್ಪಲಿಲ್ಲ.

"ಗಾಡಿ ಹೊರಟಿದೆ ಕಣೇ" ಅಂದಳು ಅಕ್ಕ, ನಮ್ಮ ಮಾತಿನಲ್ಲಿ. ದನಿ ಒಡೆದಿತ್ತು. "ಫೋನ್ ಇಡಬೇಡ. ಈ ಸಲ ಇಡಬೇಡ."