ಸೌದಾಮಿನಿ ಕಲಿತ ಟ್ಯಾಂಗೊ

“ಕುಣಿತ ಅಂದ್ರೆ ನನಗೆ ಎಂತ ಗೊತ್ತಿತ್ತು ಹೇಳಿ? ಊರಲ್ಲಿ ಯಕ್ಷಗಾನ ಆಗ್ತಿತ್ತು, ಬಯಲಲ್ಲಿ ಚಾಪೆ ಹಾಸಿ ಕೂತು ನೋಡಿದ್ದು ಉಂಟು. ಅದರಲ್ಲಿಯೂ ಕುಣಿಯುದು ಗಂಡಸರೇ. ಹೆಂಗಸು ಕುಣಿಯುದು, ಅದೂ ಗಂಡನ ಕೈ ಹಿಡ್ಕೊಂಡು, ನಾಲ್ಕು ಜನರ ಎದುರು! ನನ್ನ ಅತ್ತೆಗೆ ಗೊತ್ತಾಗಿದ್ರೆ ಸಿಕ್ಕಿದ ಬಸ್ಸು ಹತ್ತಿ ಕೊಚ್ಚಿಗೆ ಬರ್ತಿದ್ರು. ಆದ್ರೆ ಕೆಳಗಿನ ಮನೆ ಆಂಟಿ ಕೇಳಿದ್ರಲ್ಲ, ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ನಾನು ಟೈಫಾಯ್ಡಲ್ಲಿ ಮಲಗಿದ್ದಾಗ ಇಪ್ಪತ್ತೊಂದು ದಿವಸ ಗಂಜಿತಿಳಿ ಕುಡಿಸಿದ ಕೈ ಅದು. ಕುಣಿ ಅಂದ್ರು, ಕುಣಿದೆ. ಕಷ್ಟ ಆದದ್ದು ಕುಣಿಯುದಲ್ಲ ಮಾರಾಯ್ರೆ, ಕಾಲು ದಾಟುದು!”

ತಿರುವನಂತಪುರದ ಶ್ರೀಕಾರ್ಯಂನಲ್ಲಿ, ನೆರೆಮನೆಯ ಇಂದುಮತಿಯ ಎದುರು ಕೂತು ಬಾಳೆಹೂ ಬಿಡಿಸುತ್ತ ಸೌದಾಮಿನಿ ಹೀಗೆ ಹೇಳುವ ಹೊತ್ತಿಗೆ ಆ ಸಂಗತಿ ನಡೆದು ಆರು ವರ್ಷ ಆಗಿತ್ತು.

ಕುಂಬಳೆಯ ಹತ್ತಿರ ಹುಟ್ಟಿ, ಐದನೆಯ ತರಗತಿಗೇ ಸ್ಲೇಟು ಕೆಳಗಿಟ್ಟವಳು ಅವಳು. ಮದುವೆಯಾಗಿ ಕೊಚ್ಚಿಗೆ ಬಂದಳು. ಗಂಡ ತಿರುಮಲೇಶ್ವರ ಅಲ್ಲಿ ಕೇಂದ್ರ ಸರಕಾರದ ಆಫೀಸಿನಲ್ಲಿ ಗುಮಾಸ್ತ. ಗಾಳಿ ತಿರುಗಿದಾಗೆಲ್ಲ ಮಟ್ಟಾಂಚೇರಿಯ ಮೆಣಸು, ಶುಂಠಿಯ ಘಾಟು ಬಂದು ಸೀನು ತರಿಸುವಂಥ ಹಳೆಯ ಮನೆಯೊಂದರ ಮಹಡಿಯಲ್ಲಿ ಸಂಸಾರ. ಕೆಳಗೆ ಮನೆಯ ಯಜಮಾನರು, ಪಿರೇರಾ ದಂಪತಿ. ಪಿರೇರಾ ಪ್ರಾಯದಲ್ಲಿ ಹಡಗಿನ ಬ್ಯಾಂಡಿನಲ್ಲಿ ಪಿಟೀಲು ನುಡಿಸಿದವರು. ಒಮ್ಮೆ ಹಡಗು ಕೆಟ್ಟು ಅರ್ಜೆಂಟೀನಾದಲ್ಲಿ ಒಂದು ವರ್ಷ ಉಳಿಯಬೇಕಾಗಿ ಬಂದಾಗ ಅಲ್ಲಿಯ ಜೋಡಿ ಕುಣಿತ ಟ್ಯಾಂಗೊ ಕಲಿತರು. ಊರಿಗೆ ಮರಳಿ ಮದುವೆಯಾಗಿ, ಹೆಂಡತಿಗೂ ಕಲಿಸಿ, ಇಬ್ಬರೂ ಸೇರಿ ಮೂವತ್ತು ವರ್ಷ ಕೆಳಗಿನ ಹಜಾರದಲ್ಲಿ ಪಾಠ ಹೇಳಿದ್ದರು.

೧೯೬೮ರ ಡಿಸೆಂಬರಿಗೆ ಅವರ ಮದುವೆಗೆ ನಲವತ್ತು ವರ್ಷ. ಪಿರೇರಾರ ಮಂಡಿ ಸವೆದಿತ್ತು. ಶಿಷ್ಯರೆಲ್ಲ ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದರು.

“ಮೋಳೇ, ಆ ದಿನ ನಮ್ಮ ಡ್ಯಾನ್ಸನ್ನು ಒಮ್ಮೆ ಕಣ್ಣಲ್ಲಿ ನೋಡಬೇಕು ಅಂತ ಆಸೆ,” ಎಂದು ಪಿರೇರಾ ಆಂಟಿ, ಮಗಳನ್ನು ಕರೆಯುವ ಹಾಗೆ ಕರೆದು, ಮಲಯಾಳದಲ್ಲಿ ಕೇಳಿದರು. “ನೀವಿಬ್ಬರು ಕಲಿಯುತ್ತೀರಾ?”

ಮೊದಲ ವಾರ ಬರೀ ನಡಿಗೆ. ಗಂಡಸು ಮುಂದಕ್ಕೆ, ಹೆಂಗಸು ಹಿಂದಕ್ಕೆ. ಬೆನ್ನಿಗೆ ಕಣ್ಣಿಲ್ಲವಲ್ಲ ಎಂದು ಸೌದಾಮಿನಿ ಹೆದರಿದಳು.

“ದಿನಾ ಬೆಳಿಗ್ಗೆ ನೆಲ ಒರೆಸುತ್ತೀಯಲ್ಲ, ಯಾವ ಕಡೆಗೆ ಸರಿಯುತ್ತಿ?” ಎಂದರು ಆಂಟಿ.

ಹೌದಲ್ಲ! ಒರೆಸಿದ ಜಾಗ ತುಳಿಯದ ಹಾಗೆ ಹಿಂದೆ ಹಿಂದೆ ಸರಿದು ಬಾಗಿಲು ಮುಟ್ಟುವುದು ಚಿಕ್ಕಂದಿನಿಂದ ರೂಢಿ. ಆಮೇಲೆ ಅವಳ ಹಿಮ್ಮಡಿ ತಾನೇ ದಾರಿ ಹುಡುಕಿಕೊಂಡಿತು. ಕಲಿಕೆಯಲ್ಲಿ ಹಿಂದೆ ಬಿದ್ದವನು ತಿರುಮಲೇಶ್ವರ. ಹಾಡು ಒಂದು ಸುತ್ತು ಮುಗಿದದ್ದೇ ತಡ, ಊರಿನ ಚೆಂಡೆ ಮೈಯೊಳಗೆ ಎದ್ದು, ಧೊಪ್ಪೆಂದು ಕಾಲು ಕುಟ್ಟುತ್ತಿದ್ದ.

“ಸಾರೇ, ನೆಲ ಒಡೆಯಬೇಡಿ, ನೆಲ ಸವರಿ!” ಎಂದು ಪಿರೇರಾ ಕುರ್ಚಿಯಿಂದ ಕೂಗುತ್ತಿದ್ದರು.

ಅದೂ ಸರಿಹೋಯಿತು. ಆದರೆ ಕಾಲಿಗೆ ಕಾಲು ತಾಗಿದಾಗೆಲ್ಲ ಸೌದಾಮಿನಿ ಗಂಡನ ಕೈ ಬಿಟ್ಟು, ಬಗ್ಗಿ, ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಬೇಕೆಂದು ಮಾಡುವುದಲ್ಲ, ಕೈ ತಾನಾಗಿ ಹೋಗುತ್ತಿತ್ತು. ಗ್ರಾಮಫೋನು ತನ್ನ ಪಾಡಿಗೆ ಓಡುತ್ತಿತ್ತು. ತಿರುಮಲೇಶ್ವರ ಗಾಳಿಯನ್ನು ತಬ್ಬಿಕೊಂಡು ನಿಂತಿರುತ್ತಿದ್ದ.

“ಪುನಃ ಎಲ್ಲಿ ಮಾಯವಾದಳು?” ಎಂದು ಪಿರೇರಾ ತಲೆ ಚಚ್ಚಿಕೊಳ್ಳುತ್ತಿದ್ದರು.

“ಸಾಕು ಮಾರಾಯ್ತಿ,” ಎಂದ ತಿರುಮಲೇಶ್ವರ. “ಜೀವಮಾನದ ನಮಸ್ಕಾರ ಎಲ್ಲ ಈ ತಿಂಗಳೇ ಮುಗಿಸ್ತೀಯಾ?”

“ನಿಮ್ಮ ಕಾಲು ಹಾಗೆ ಅಡ್ಡ ಬರುದು ಯಾಕೆ? ಅದನ್ನು ಕೇಳಿ ಮೊದಲು.”

ಅಡ್ಡ ಬರುವುದೇ ಮುಂದಿನ ಪಾಠ. ಗಂಡಸು ಪಾದ ಚಾಚಿ ಹೆಂಗಸಿನ ಪಾದವನ್ನು ತಡೆಯಬೇಕು. ಅವಳು ಒಂದು ಗಳಿಗೆ ನಿಂತು, ಅವನ ಕಾಲನ್ನು ಮೆಲ್ಲಗೆ ದಾಟಿ ಬರಬೇಕು. ಅದನ್ನು ಕೇಳಿದ್ದೇ ಸೌದಾಮಿನಿ ಗೋಡೆಗೆ ಒರಗಿಬಿಟ್ಟಳು. ಮಲಗಿದ ಮಗುವನ್ನೇ ದಾಟಬಾರದು ಅನ್ನುವ ಮನೆಯಲ್ಲಿ ಬೆಳೆದವಳು, ಗಂಡನ ಕಾಲು ದಾಟುವುದುಂಟೇ? ಹತ್ತು ದಿನ ಆ ಜಾಗಕ್ಕೆ ಬಂದಾಗೆಲ್ಲ ಸುತ್ತು ಹಾಕಿ ಹೋದಳು.

“ಸಾರಮಿಲ್ಲ, ಪರವಾಗಿಲ್ಲ, ಆ ಹೆಜ್ಜೆ ಬಿಟ್ಟುಬಿಡೋಣ,” ಎಂದರು ಪಿರೇರಾ ಕೊನೆಗೆ.

ಆಂಟಿಯೂ ಹೂಂ ಅಂದರು. ಆದರೆ ಹೂಂ ಅಂದ ಮುಖ ಬಾಡಿದ್ದನ್ನು ಸೌದಾಮಿನಿ ಕಂಡಳು. ಅಡುಗೆಮನೆಗೆ ಹಿಂಬಾಲಿಸಿ ಹೋಗಿ ಕೇಳಿದಾಗ ಆಂಟಿ ಬಾಯಿಬಿಟ್ಟರು: “ನಾಚಿಕೆಯಿಂದ ನಾನು ಒಂದು ವಾರ ಅವರ ಕಾಲು ದಾಟಿರಲಿಲ್ಲ ಮೋಳೇ. ಅವರು ಕಾಲು ಚಾಚಿ ಕಾದೇ ಇದ್ದರು. ದಾಟಿದ ದಿನ ಇಬ್ಬರಿಗೂ ನಗು. ನನಗೆ ನೆನಪಿರುವುದು ಅದೊಂದೇ ಹೆಜ್ಜೆ.”

ಸೌದಾಮಿನಿ ಮಹಡಿ ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ಯೋಚಿಸಿದಳು.

ಮದುವೆಯ ನಲವತ್ತನೇ ವರ್ಷದ ದಿನ ಸಂಜೆ ನಾಲ್ಕಕ್ಕೆ ಹಜಾರದ ತುಂಬ ಜನ, ಕೇಕು, ಕಾಲು ಜಾರಲೆಂದು ನೆಲಕ್ಕೆ ಎರಚಿದ ಪೌಡರು. ಗ್ರಾಮಫೋನಿಗೆ ಮುಳ್ಳು ಇಡುವ ಮೊದಲೇ ಸೌದಾಮಿನಿ ಸೆರಗು ಸಿಕ್ಕಿಸಿ, ಗಂಡನ ಎರಡೂ ಪಾದ ಮುಟ್ಟಿ ಮೂರು ಸಲ ಕಣ್ಣಿಗೊತ್ತಿಕೊಂಡಳು. ಡ್ಯಾನ್ಸು ಶುರುವಾಗುವುದೇ ಹೀಗೆ ಎಂದುಕೊಂಡು ಬಂದವರೆಲ್ಲ ಚಪ್ಪಾಳೆ ತಟ್ಟಿದರು.

“ಇದೆಂತ?” ಎಂದು ತಿರುಮಲೇಶ್ವರ ಪಿಸುಗುಟ್ಟಿದ.

“ಇವತ್ತಿಂದಕ್ಕೆಲ್ಲ ಒಟ್ಟಿಗೆ. ಇನ್ನು ಬಗ್ಗುದಿಲ್ಲ. ನೀವು ಕುಟ್ಟಬೇಡಿ, ಆಯ್ತಾ?”

ಅವನು ಕುಟ್ಟಲಿಲ್ಲ. ಆ ಜಾಗ ಬಂತು. ಅವನ ಪಾದ ಚಾಚಿಕೊಂಡಿತು. ಅವಳು ನಿಂತಳು. ಆಂಟಿಯ ಕಡೆ ಕಣ್ಣು ಹೋಯಿತು. ಕುರ್ಚಿಯಲ್ಲಿ ಕೂತ ಆಂಟಿಯ ಬಲಗಾಲು ಗೌನಿನ ಅಂಚಿನಿಂದ ಹೊರಬಂದು, ಪಕ್ಕದಲ್ಲಿ ಪಿರೇರಾ ಚಾಚಿದ್ದ ಕಾಲನ್ನು ಆಗಲೇ ದಾಟುತ್ತಿತ್ತು. ಸೌದಾಮಿನಿಯೂ ದಾಟಿದಳು. ನಗು ತಡೆಯಲಿಕ್ಕೆ ಆಗದೆ ತಿರುಮಲೇಶ್ವರ ಎರಡು ಹೆಜ್ಜೆ ತಪ್ಪಿದ. ಎಲ್ಲರ ಕಣ್ಣೂ ಆ ಎರಡು ಕುರ್ಚಿಗಳ ಕಡೆ ಇದ್ದುದರಿಂದ ಅದನ್ನು ಯಾರೂ ನೋಡಲಿಲ್ಲ.

“ಮತ್ತೆ ಅಲ್ಲಿಂದ ಟ್ರಾನ್ಸ್‌ಫರ್ ಆಯ್ತು. ಕುಣಿತವೂ ಅಲ್ಲಿಗೇ ನಿಂತಿತು,” ಎಂದು ಸೌದಾಮಿನಿ ಬಾಳೆಹೂವಿನ ಸಿಪ್ಪೆ ಬಾಚಿಕೊಂಡು ಎದ್ದಳು. ಇಂದುಮತಿ ಇನ್ನೂ ನಗುತ್ತಲೇ ಮನೆಗೆ ಹೋದಳು.

ಸೌದಾಮಿನಿ ಬಕೆಟು ತಂದು ನೆಲ ಒರೆಸತೊಡಗಿದಳು. ಆರಾಮ ಕುರ್ಚಿಯಲ್ಲಿ ತಿರುಮಲೇಶ್ವರ ಕಾಲು ಚಾಚಿ ಪೇಪರು ಓದುತ್ತಿದ್ದ. ಅವಳು ಹಿಂದೆ ಹಿಂದೆ ಸರಿಯುತ್ತ ಅಲ್ಲಿಗೆ ಬಂದಾಗ, “ತೆಗೀಬೇಕಾ?” ಎಂದು ಪೇಪರಿನ ಹಿಂದಿನಿಂದಲೇ ಕೇಳಿದ.

“ಬೇಡ, ಹಾಗೇ ಇರ್ಲಿ,” ಎಂದು ಅವನ ಕಾಲು ದಾಟಿ, ಆಚೆ ಬದಿಯ ಮೂಲೆಯಲ್ಲಿ ಬಟ್ಟೆ ಹಿಂಡಿ, ಬಾಗಿಲ ತನಕ ಒರೆಸಿದಳು.