ಮುಂದೆ ಓಡಿಸಿದ ಹಿಮಪರ್ವತ

ಮನೆಮಂದಿಯೆಲ್ಲ ಸೇರಿ ಟಿ.ವಿ. ನೋಡುವಾಗ ನನಗೊಬ್ಬನಿಗೆ ಯಾವ ಚಿತ್ರವನ್ನೂ ನೆಮ್ಮದಿಯಿಂದ ನೋಡಲಾಗುವುದಿಲ್ಲ. ರಿಮೋಟು ನನ್ನ ಕೈಯಲ್ಲಿರುತ್ತದೆ, ಹೆಬ್ಬೆರಳು ಮುಂದೆ ಓಡಿಸುವ ಗುಂಡಿಯ ಮೇಲೆ. ತೆರೆಯ ಮೇಲೆ ಗಂಡು ಹೆಣ್ಣು ತುಸು ಹತ್ತಿರ ಸರಿದರೆ ಸಾಕು, ಕಥೆಯನ್ನು ದಡದಡನೆ ಓಡಿಸಿ ಅವರಿಗೆ ಮಕ್ಕಳಾದ ಮೇಲೆ ನಿಲ್ಲಿಸುತ್ತೇನೆ. ಇದು ನನಗೆ ಪಿತ್ರಾರ್ಜಿತ. ಅಪ್ಪನ ಕಾಲದಲ್ಲಿ ರಿಮೋಟು ಇರಲಿಲ್ಲ. ಅಂಥ ಗಳಿಗೆ ಬಂದರೆ ಅಪ್ಪನಿಗೆ ಕೆಮ್ಮು ಬರುತ್ತಿತ್ತು, ಅಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ಮಕ್ಕಳಾದ ನಮಗೆಲ್ಲ ಒಟ್ಟಿಗೇ ಬಾಯಾರಿಕೆಯಾಗುತ್ತಿತ್ತು. ಡೊಂಬಿವಲಿಯ ಆ ಒಂದು ಕೋಣೆಯಲ್ಲಿ ಸಂಸಾರದ ಮಾನ ಉಳಿದದ್ದು ಹೀಗೆ.

ಕಳೆದ ತಿಂಗಳು ಒಂದು ಭಾನುವಾರ ನನ್ನ ಮಗಳು ಮಾನಸಿ ಎಲ್ಲರನ್ನೂ ಕೂರಿಸಿ ಪರ್ವತಾರೋಹಣದ ಸಾಕ್ಷ್ಯಚಿತ್ರ ಹಾಕಿದಳು. ಅದರ ಹಿಂದೊಂದು ರಾಜಕಾರಣವಿತ್ತು. ಅವಳಿಗೆ ಪನವೇಲ್ ಹತ್ತಿರದ ಬೆಟ್ಟದ ಕೋಟೆಗೆ ಗೆಳತಿಯರ ಜೊತೆ ಟ್ರೆಕ್ಕಿಂಗ್ ಹೋಗಬೇಕಿತ್ತು, ನನ್ನ ಅಮ್ಮ ಬಿಡುತ್ತಿರಲಿಲ್ಲ. ವಾಗ್ಳೆ ಎಸ್ಟೇಟಿನ ಆಫೀಸಿಗೆ ದಿನಾ ಬೆಳಿಗ್ಗೆ ಡೊಂಬಿವಲಿಯ ಕಿಕ್ಕಿರಿದ ಫಾಸ್ಟ್ ಲೋಕಲ್ ರೈಲು ಹತ್ತಿ ಹೋಗುವ ಹುಡುಗಿ ಅವಳು. ಆ ಗಾಡಿ ಹತ್ತಿದವರು ಯಾವ ಬೆಟ್ಟವನ್ನೂ ಹತ್ತಬಲ್ಲರು! ಗಾಡಿಗೆ ಯಾರ ಅಪ್ಪಣೆಯೂ ಬೇಡ, ಬೆಟ್ಟಕ್ಕೆ ಮಾತ್ರ ಇಡೀ ಮಂತ್ರಿಮಂಡಲದ ಒಪ್ಪಿಗೆ.

ಅಮ್ಮನ ಭಯ ಬೀಳುವುದರ ಬಗ್ಗೆ ಅಲ್ಲ, ಬಿಸಿಲಿನ ಬಗ್ಗೆ. ಕಾಮೋಠೆಯಲ್ಲಿರುವ ನನ್ನ ಅಕ್ಕ ಮಾನಸಿಗೆ ಒಂದು ಸಂಬಂಧ ನೋಡಿ, ಹುಡುಗಿಯ ಫೋಟೋ ಕೇಳಿದ್ದಳು. "ಈಗಲೇ ಬಣ್ಣ ಸ್ವಲ್ಪ ಕಮ್ಮಿ. ಇನ್ನು ಗುಡ್ಡೆ ಹತ್ತಿ ಸುಟ್ಟುಕೊಂಡು ಬಂದರೆ ಎಂತ ಮಾಡುವುದು?" ಎಂದು ಅಮ್ಮನ ವಾದ. ಗಮನಿಸಿ, ನಮ್ಮ ಭಾಷೆಯಲ್ಲಿ ಬಣ್ಣ ಎನ್ನುವುದು ಸಾರಿಗೆ ಹಾಕುವ ಉಪ್ಪಿನ ಹಾಗೆ, ಕಮ್ಮಿಯಾಗುತ್ತದೆ. ಕಪ್ಪು ಎನ್ನುವುದು ಬಣ್ಣದ ಲೆಕ್ಕಕ್ಕೇ ಬರುವುದಿಲ್ಲ. ಸ್ವತಃ ಅಮ್ಮನ ಬಣ್ಣವೂ 'ಕಮ್ಮಿ'ಯೇ. ಗಂಡಿನ ಕಡೆಯವರು ಅವಳನ್ನು ನೋಡಲು ಬಂದ ದಿನ ಮನೆಯವರು ಎಷ್ಟು ಪೌಡರು ಬಳಿದಿದ್ದರೆಂದರೆ, ಕಾಫಿ ಕೊಡುವಾಗ ಮುಖ ಒಂದು ಬಣ್ಣ, ಕೈ ಒಂದು ಬಣ್ಣವಾಗಿತ್ತಂತೆ. ಅದನ್ನು ಹೇಳುವಾಗ ಎಲ್ಲರೂ ನಗುತ್ತೇವೆ. ಅವಳು ನಕ್ಕದ್ದನ್ನು ನಾನು ನೋಡಿಲ್ಲ.

"ಫೋಟೋ ದೇ ದೂಂಗೀ, ಪಹಲೇ ಟ್ರೆಕ್ ಜಾನೇ ದೋ," ಮೊದಲು ಟ್ರೆಕ್, ಫೋಟೋ ಆಮೇಲೆ, ಎಂದು ಮಾನಸಿಯ ಷರತ್ತು. ಹಾಗಾಗಿ ಅಮ್ಮನನ್ನು ಒಪ್ಪಿಸಲು ಈ ಚಿತ್ರಪ್ರದರ್ಶನ.

ಕುಟುಂಬಸಮೇತ ನೋಡಬಹುದೆಂಬ ಗುರುತು ತೆರೆಯ ಮೂಲೆಯಲ್ಲಿ ಇತ್ತು. ಯಾರ ಕುಟುಂಬ ಎಂದು ಬರೆದಿರಲಿಲ್ಲ, ಹಾಗಾಗಿ ನಾನು ರಿಮೋಟು ಬಿಡಲಿಲ್ಲ. ಆದರೆ ಎಂಥ ಚಿತ್ರ! ಕಣ್ಣು ಕುಕ್ಕುವ ಹಿಮ, ನೂಲೇಣಿಯ ಕೆಳಗೆ ಬಾಯಿ ತೆರೆದ ಕಂದರ. ನಾನು ಸೋಫಾದ ತುದಿಗೆ ಬಂದಿದ್ದೆ. ಹತ್ತುವವರು ಮೂವರು ಬಿಳಿಯ ಗಂಡಸರು, ಜೊತೆಗೆ ಗ್ರೇಸ್ ಎಂಬ ಕಪ್ಪು ಹುಡುಗಿ. ಒಬ್ಬೊಬ್ಬರೂ ಕಾಣಿಸಿಕೊಂಡಾಗ ಮುಖದ ಕೆಳಗೆ ಹೆಸರು ಮೂಡುತ್ತಿತ್ತು. ಅವರ ಹಿಂದೆ ಡೇರೆ, ಡಬ್ಬ, ಹಗ್ಗ ಹೊತ್ತ ಸ್ಥಳೀಯರ ಉದ್ದನೆಯ ಸಾಲು.

"ಇವರಿಗೆ ಹೆಸರಿಲ್ಲವಾ?" ಅಮ್ಮ ಕೇಳಿದಳು.

"ಅವರು ಸಾಮಾನು ಹೊರುವವರಮ್ಮ," ಎಂದು ನಾನು ವಿದ್ವತ್ತು ತೋರಿಸಿದೆ.

"ಹೊತ್ತರೆ ಹೆಸರು ಹೋಗ್ತದಾ?"

ಅಷ್ಟರಲ್ಲಿ ತೆರೆಯ ಮೇಲೆ ಬಿರುಗಾಳಿ ಎದ್ದಿತು. ಪುಟ್ಟ ಡೇರೆ, ಒಳಗೆ ಗ್ರೇಸ್ ಮತ್ತು ಒಬ್ಬ ಗಡ್ಡದವನು. ಅವನು ಚಳಿಗೆ ನಡುಗುತ್ತಿದ್ದ. ಅವಳು ತನ್ನ ಜಾಕೆಟ್ಟಿನ ಜಿಪ್ಪಿಗೆ ಕೈ ಹಾಕಿದಳು. ನನ್ನ ಹೆಬ್ಬೆರಳು ಕುಲಧರ್ಮ ಪಾಲಿಸಿತು. ಹಿಮ, ಹಗ್ಗ, ಸೂರ್ಯ ಎಲ್ಲ ಸರಸರನೆ ಓಡಿ, ನಾನು ಕೈ ತೆಗೆದಾಗ ಶಿಖರದ ಮೇಲೆ ನಾಲ್ಕು ಜನ ನಿಂತಿದ್ದರು. ಎಲ್ಲರ ಮುಖಕ್ಕೂ ಮುಸುಕು, ಕಪ್ಪು ಕನ್ನಡಕ.

"ಆ ಕಪ್ಪು ಹುಡುಗಿ ಎಲ್ಲಿ ಹೋದಳು?" ಅಮ್ಮ ಗಾಬರಿಯಾದಳು. "ಸತ್ತಳಾ?"

"ಪಪ್ಪಾ, ಪೀಛೇ ಲೋ ನಾ!" ಮಗಳು ಕಿರುಚಿದಳು. ಹೆಂಡತಿ ಸುಮಂಗಲಾ ವಿಜಯಪುರದ ಕಡೆಯವಳು, ಮಾತು ನೇರ. "ಹಂಗ್ಯಾಕ ಓಡಸ್ತೀರಿ? ನಿಮಗೇನು ಲೋಕಲ್ ತಪ್ಪತೈತೇನು?" ಎಂದು ರಿಮೋಟು ಕಸಿದುಕೊಂಡಳು.

ಹಿಂದಕ್ಕೆ ಹೋಗಿ ನೋಡಿದೆವು. ಗ್ರೇಸ್ ಜಾಕೆಟ್ಟು ಬಿಚ್ಚಿ, ಮರಗಟ್ಟಿದ್ದ ಅವನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಗಾಳಿ ನಿಲ್ಲುವವರೆಗೂ ಕೂತಿದ್ದಳು. ಬೆಳಗಾದ ಮೇಲೆ ಹಗ್ಗ ಹಿಡಿದು ಎಲ್ಲರಿಗಿಂತ ಮುಂದೆ ಹತ್ತಿದವಳೂ ಅವಳೇ. ಚಿತ್ರದ ಜೀವವಿದ್ದದ್ದೇ ಅಲ್ಲಿ, ನಾನು ಓಡಿಸಿದ್ದೂ ಅದನ್ನೇ! ಅಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಗ್ರೇಸ್ ತುದಿ ಮುಟ್ಟಿ ಮುಸುಕು ತೆಗೆದು ನಕ್ಕಾಗ ಅಮ್ಮನೂ ನಕ್ಕಳು.

"ಇದರಲ್ಲಿ ನಾಚುವಂಥದ್ದು ಎಂತ ಉಂಟು ಮಾರಾಯ?" ಎಂದು ನನಗೆ ಹೇಳಿ ಮೊಮ್ಮಗಳತ್ತ ತಿರುಗಿದಳು. "ಹೋಗಿ ಬಾ. ತುದಿಯವರೆಗೆ ಹೋಗಬೇಕು ಮತ್ತೆ."

ಮುಂದಿನ ಭಾನುವಾರ ಮಾನಸಿ ಹೋದಳು. ಮಧ್ಯಾಹ್ನ ಕೋಟೆಯ ನೆತ್ತಿಯಿಂದ ನನ್ನ ಮೊಬೈಲಿಗೆ ಫೋಟೋ ಬಂತು. ಕುಣಿಯುತ್ತಾ ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ನಮ್ಮ ಹುಡುಗಿ ಎಲ್ಲಿ?"

ಫೋಟೋ ತೆಗೆದ ಗೆಳತಿಯ ಫೋನು ತಾನೇ ತಾನಾಗಿ ಮುಖಕ್ಕೆ ಬಿಳಿ ಬಳಿಯುವ ಜಾತಿಯದ್ದು. ಹಾಲಿನಂಥ ಮುಖ, ಕೆಳಗೆ ಮಾನಸಿಯದೇ ಕೈ. ಅಮ್ಮ ಆ ಕೈಯನ್ನು ಬೆರಳಿನಿಂದ ಮುಟ್ಟಿದಳು.

"ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಇದು ಬೇಡ. ಅವಳದ್ದು ಕಳಿಸಲಿಕ್ಕೆ ಹೇಳು."

ಹೇಳಿದೆ. ಎರಡನೆಯದು ಬಂತು. ಬಿಸಿಲಿಗೆ ಕಂದಿದ ಮುಖ, ಕೆದರಿದ ಕೂದಲು, ಬೆನ್ನ ಮೇಲೆ ದೊಡ್ಡ ಚೀಲ, ಕಿವಿಯಿಂದ ಕಿವಿಗೆ ನಗು. "ಹಾಂ, ಈಗ ಖರೇ ಮಾನಸಿ ಬಂದ್ಲು ನೋಡ್ರಿ," ಎಂದಳು ಸುಮಂಗಲಾ.

"ಇದನ್ನೇ ಕಾಮೋಠೆಗೆ ಕಳಿಸು," ಎಂದಳು ಅಮ್ಮ. "ಕೆಳಗೆ ಹೆಸರು ಹಾಕು. ಬೆನ್ನಲ್ಲಿ ಚೀಲ ಉಂಟಲ್ಲ, ಹೊರುವವರ ಹೆಸರು ಯಾರೂ ಹಾಕುವುದಿಲ್ಲ."

ಹೆಸರು ಬರೆದೆ. ಕಳಿಸುವ ಗುಂಡಿಯ ಹತ್ತಿರ ಹೆಬ್ಬೆರಳು ಹಳೆಯ ಅಭ್ಯಾಸದಿಂದ ಸ್ವಲ್ಪ ಅನುಮಾನಿಸಿತು. ಅಮ್ಮ ಕೆಮ್ಮಿದಳು, ಥೇಟ್ ಅಪ್ಪನ ಹಾಗೆ, ಆದರೆ ಈ ಕೆಮ್ಮು ಒತ್ತು ಎನ್ನುತ್ತಿತ್ತು.

ಒತ್ತಿದೆ.